ಮುಹೂರ್ತಕ್ಕೆ ಕಟ್ಟಿದ ಪ್ರೋಗ್ರಾಂ

ನಮ್ಮ ಆಫೀಸಿನಲ್ಲಿ ಪ್ರೋಗ್ರಾಂ ಬರೆಯಲು ಮುಹೂರ್ತ ನೋಡುತ್ತಿರಲಿಲ್ಲ, ಕಳಿಸಲು ನೋಡುತ್ತಿದ್ದರು. ಬರೆಯುವುದು ಸಂಬಳದವರ ಕೆಲಸ, ಅದಕ್ಕೆ ರಾಹುಕಾಲವಾದರೂ ನಡೆಯುತ್ತದೆ. ಕಳಿಸುವುದು ಯಜಮಾನರ ಕೆಲಸ. ಅದಕ್ಕೆ ಪಂಚಾಂಗ ಬೇಕು, ಅರಿಶಿನ ಕುಂಕುಮ ಬೇಕು, ಒಂದು ತೆಂಗಿನಕಾಯಿ ಬೇಕು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು.

ಯಜಮಾನರು ಹಿಂದೆ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳಿದವರು. ಆಮೇಲೆ ಮಾದಾಪುರದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಸ್ವಂತ ಕಂಪನಿ ತೆರೆದರು. ಸುತ್ತಲೂ ಗಾಜಿನ ಭಾರೀ ಕಟ್ಟಡಗಳು. ಅವುಗಳ ನಡುವೆ ನಮ್ಮದು ಮದುವೆಯ ಫೋಟೋದಲ್ಲಿ ಅಂಚಿಗೆ ನಿಂತು ಅರ್ಧ ಮುಖ ಕತ್ತರಿಸಿಹೋದ ನೆಂಟನ ಹಾಗೆ ಕಾಣುತ್ತಿತ್ತು. ಯಜಮಾನರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕೊನೆಗೆ ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ಅಲ್ಲಿ ಕೈಪಿಡಿ ಬರೆಯುವವನು. ಪ್ರೋಗ್ರಾಮಿನ ಜೊತೆಗೆ ಒಂದು ಪುಸ್ತಕ ಹೋಗುತ್ತದೆ: ಇಲ್ಲಿ ಒತ್ತಿರಿ, ಅಲ್ಲಿ ಒತ್ತಬೇಡಿ. ಅದನ್ನು ಯಾರೂ ಓದುವುದಿಲ್ಲ. ಹಾಗಾಗಿ ನನ್ನ ಗದ್ಯದ ಬಗ್ಗೆ ಇದುವರೆಗೆ ಒಂದು ದೂರೂ ಬಂದಿಲ್ಲ. ನಾನು ಕಲಬುರಗಿ ಕಡೆಯವನು, ವಯಸ್ಸಾದವನು, ಧೋತರ ಉಡದಿದ್ದರೂ ಉಟ್ಟವನಂತೆ ನಡೆಯುವವನು. ಯಜಮಾನರ ಮಾತೆಲ್ಲ ತೆಲುಗು, ಇಲ್ಲಿ ಕನ್ನಡಕ್ಕೆ ತಿರುಗಿಸಿದವನು ನಾನು. ನನ್ನನ್ನು ಅವರು ‘ಪಂತುಲುಗಾರು’ ಎನ್ನುತ್ತಿದ್ದರು. ತೆಲುಗಿನಲ್ಲಿ ‘ಮೇಷ್ಟ್ರೇ’ ಎಂದ ಹಾಗೆ. ಕೇಳಲು ಗೌರವ, ಅರ್ಥ ‘ನೀವು ಸುಮ್ಮನಿರಿ’ ಎಂದು.

ಮುಹೂರ್ತದ ಕ್ರಮ ಹೀಗಿತ್ತು. ಪ್ರೋಗ್ರಾಂ ಸಿದ್ಧವಾದ ಮೇಲೆ ಅದನ್ನು ಪೆನ್‌ಡ್ರೈವಿಗೆ ಹಾಕಿ ಯಜಮಾನರ ಕೈಗೆ ಕೊಡಬೇಕು. ಅವರು ಕೋಣೆಗೆ ಹೋಗಿ, ತಮ್ಮ ಕಂಪ್ಯೂಟರಿನಲ್ಲಿ ‘ಓಂ’ ಎಂಬ ಹೊಸ ಫೋಲ್ಡರ್ ಮಾಡಿ, ಅದರಲ್ಲಿ ತಮ್ಮ ಮನೆದೇವರ ಚಿತ್ರವಿಟ್ಟು, ಪ್ರೋಗ್ರಾಮನ್ನು ಇಡಿಯಾಗಿ ಆ ಫೋಲ್ಡರಿನೊಳಗೆ ಸೇರಿಸುತ್ತಿದ್ದರು. ಸಕಲವೂ ಓಂಕಾರದ ಒಳಗಿರಬೇಕು. ಆಮೇಲೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಮರಳಿ ಹಾಕಿ, ಪೆನ್‌ಡ್ರೈವಿಗೆ ಕುಂಕುಮ. ಕುಂಕುಮ ತೂತಿನೊಳಗೆ ಹೋಗಿ ಎಷ್ಟೋ ಪೆನ್‌ಡ್ರೈವುಗಳು ಸುಮಂಗಲಿಯರಾಗಿಯೇ ತೀರಿಕೊಂಡಿವೆ. ಅಷ್ಟಾದ ಮೇಲೆ ಗಿರಾಕಿಯ ಊರು ಮುಟ್ಟುವವರೆಗೆ ಅದನ್ನು ಯಾರೂ ತೆರೆಯಬಾರದು, ಓಡಿಸಿ ನೋಡಬಾರದು. ‘ಪೂಜೆ ಆದ ಮೇಲೆ ಪರೀಕ್ಷೆ ಮಾಡೋದು ದೇವರನ್ನೇ ಪರೀಕ್ಷೆ ಮಾಡಿದ ಹಾಗೆ’ ಎನ್ನುತ್ತಿದ್ದರು, ಒಂದು ಕಾಲದಲ್ಲಿ ಪರೀಕ್ಷೆಗಳನ್ನೇ ನಡೆಸಿ ಬದುಕಿದ ಮನುಷ್ಯ.

ಇದರಿಂದ ವರ್ಷಗಟ್ಟಲೆ ಏನೂ ಕೆಟ್ಟಿರಲಿಲ್ಲ. ಆಗ ಪ್ರೋಗ್ರಾಂ ಬಿಡಿಬಿಡಿಯಾಗಿ ಹೋಗುತ್ತಿತ್ತು. ಹೋದಲ್ಲಿ ನಮ್ಮವರು ಓಂಕಾರದಿಂದ ಒಂದೊಂದನ್ನೇ ಹೊರತೆಗೆದು, ದೇವರಿಗೆ ಕೈಮುಗಿದು, ಬೇಕಾದಲ್ಲಿ ಜೋಡಿಸುತ್ತಿದ್ದರು. ಕೆಡಬೇಕಾದರೆ ಒಬ್ಬ ಜಾಣೆ ಬರಬೇಕಿತ್ತು. ಬಂದಳು.

ರಾಯಚೂರು ಕಡೆಯಾಕಿ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಹುಡುಕಲು ಹೊರಟವಳು. ನಡುವೆ ಬಿಟ್ಟ ವರ್ಷಗಳನ್ನು ನೋಡಿ ದೊಡ್ಡ ಕಂಪನಿಗಳು ಬಾಗಿಲಲ್ಲೇ ನಮಸ್ಕಾರ ಹೇಳಿದ್ದವು. ನಮ್ಮ ಯಜಮಾನರು ತೆಗೆದುಕೊಂಡರು, ಇಡೀ ಆಫೀಸಿನ ಮುಂದೆ ಷರತ್ತು ಹೇಳಿ: ಅವಳ ಮೊದಲ ಪ್ರೋಗ್ರಾಂ ಗಿರಾಕಿಯ ಹತ್ತಿರ ಓಡಿದರೆ ಪರ್ಮನೆಂಟ್, ಇಲ್ಲದಿದ್ದರೆ ಇಲ್ಲ. ಇನ್ನೊಂದು ಷರತ್ತು ಮನೆಯಲ್ಲಿತ್ತು. ಗಂಡ ರಾಯಚೂರಿನಲ್ಲಿ, ಅತ್ತೆಯ ಕಿರಾಣಿ ಅಂಗಡಿಯಲ್ಲಿ. ಇವಳು ಮಗಳ ಜೊತೆ ಮಿಯಾಪುರದಲ್ಲಿ ಸಣ್ಣ ಬಾಡಿಗೆ ಮನೆಯಲ್ಲಿ. ಪರ್ಮನೆಂಟ್ ಆದರೆ ಅವನೂ ಇಲ್ಲಿಗೆ ಬರುತ್ತಾನೆ. ಆಗದಿದ್ದರೆ ಇವಳು ಅಂಗಡಿಗೆ. ಇದನ್ನೂ ಇಡೀ ಆಫೀಸು ಬಲ್ಲದು, ಏಕೆಂದರೆ ಅವಳು ಊಟದ ಡಬ್ಬಿ ಬಿಚ್ಚುವಾಗ ಯಾರೋ ಕೇಳಿದ್ದರು, ಇವಳು ಹೇಳಿದ್ದಳು. ನಮ್ಮ ಹುಡುಗರು ಅವಳಿಗೆ ‘ಗ್ಯಾಪ್ ಮೇಡಂ’ ಎಂದು ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು. ಅವಳು ‘ಹೇಳ್ರಿ’ ಎನ್ನುತ್ತಿದ್ದಳು.

ಪಟಾನ್‌ಚೆರುವಿನ ಒಂದು ಔಷಧದ ಕಾರ್ಖಾನೆಗೆ, ಪುಡಿ ತುಂಬಿದ ಡ್ರಮ್ಮುಗಳ ಮೇಲೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಂ ಅದು. ಅವಳು ಅದನ್ನು ಒಂದೇ ಪೊಟ್ಟಣವಾಗಿ ಕಟ್ಟಿದಳು.

‘ಒಂದ ಗಂಟು ನೋಡ್ರಿ ಕಾಕಾರ’ ಎಂದು ನನಗೆ ತೋರಿಸಿದಳು. ಆಫೀಸಿನಲ್ಲಿ ನನ್ನನ್ನು ಕಾಕಾ ಎಂದವಳು ಅವಳೊಬ್ಬಳೇ. ‘ಬಿಚ್ಚೂದು ಬ್ಯಾಡ, ಜೋಡಸೂದು ಬ್ಯಾಡ. ಹಂಗ ಇಟ್ಟು ಓಡಸೂದು.’

‘ಬಿಚ್ಚೂದ ಬ್ಯಾಡ ಅಂದ್ರ ನನ್ನ ಕೈಪಿಡಿಯೊಳಗ ಏನ್ ಬರೀಲವಾ? ಅರ್ಧ ಪುಸ್ತಕ ಬಿಚ್ಚೂದ ಐತಿ.’

‘ನಿಮಗ ಪೆನ್ಷನ್ ಅಂತ ಬರೀರಿ.’

ಹೀಗೆ ಕಟ್ಟಿದ ಪೊಟ್ಟಣದ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನ್ಯಾಯದ ರುಚಿ ಹತ್ತುವುದಿಲ್ಲ. ಪ್ರೋಗ್ರಾಮಿನಲ್ಲಿ ನೂರಾರು ತುಂಡುಗಳಿರುತ್ತವೆ. ಅವುಗಳಲ್ಲಿ ಒಂದು, ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವ ಹೆಂಗಸಿನ ಹಾಗೆ. ಅದು ಏಳದೆ ಮತ್ತಾರೂ ಏಳರು. ಅದನ್ನು ಮೇನ್ ಕ್ಲಾಸ್ ಎನ್ನುತ್ತಾರೆ. ಕಂಪ್ಯೂಟರಿಗೆ ಮೊದಲೇ ವಿಳಾಸ ಕೊಟ್ಟಿರುತ್ತಾರೆ: ಬಾಗಿಲಿಂದ ಇಷ್ಟು ಕೋಣೆ ದಾಟಿದರೆ ಆಕೆ ಸಿಗುತ್ತಾಳೆ. ಕಂಪ್ಯೂಟರ್ ಹುಡುಕುವುದಿಲ್ಲ. ಹಳೆಯ ಕಚೇರಿಯ ಗುಮಾಸ್ತನ ಹಾಗೆ ವಿಳಾಸ ಹೇಳಿದ ಜಾಗಕ್ಕೆ ಹೋಗುತ್ತದೆ, ಅಲ್ಲಿಲ್ಲದಿದ್ದರೆ ‘ಸಿಗಲಿಲ್ಲ’ ಎಂದು ಬರೆದು ಮರಳುತ್ತದೆ. ಪಕ್ಕದ ಕೋಣೆಯಿಂದ ಆಕೆ ಕೂಗಿ ಕರೆದರೂ ತಿರುಗಿ ನೋಡುವುದಿಲ್ಲ.

ಮುಹೂರ್ತದ ಹಿಂದಿನ ಸಂಜೆ ಅವಳು ಆ ಪೊಟ್ಟಣವನ್ನು ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲೂ ಓಡಿಸಿದಳು. ಎಲ್ಲದರಲ್ಲೂ ಓಡಿತು. ಬೆಳಿಗ್ಗೆ ಪೆನ್‌ಡ್ರೈವ್ ಯಜಮಾನರ ಕೋಣೆಗೆ ಹೋಯಿತು, ಬಾಗಿಲು ಮುಚ್ಚಿತು, ಗಂಟೆ ಬಾರಿಸಿತು, ಬಾಗಿಲು ತೆರೆಯಿತು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವನ್ನು ಯಜಮಾನರು ಅವಳ ಕೈಗಿತ್ತರು.

‘ಭದ್ರಂ ಅಮ್ಮಾ’ ಎಂದರು.

ಕಾರಿನಲ್ಲಿ ಮುಂದೆ ಯಜಮಾನರು, ಹಿಂದೆ ನಾವಿಬ್ಬರು. ಅವಳು ಆ ರೇಷ್ಮೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸಿರಿನಲ್ಲಿ ಬಸ್ಸು ಹತ್ತಿದವಳಂತೆ ಪ್ರತಿ ಗುಂಡಿಗೂ ಕೈ ಅಡ್ಡ ಹಿಡಿದಳು. ಮಿಯಾಪುರ ದಾಟುವಾಗ ತನ್ನ ಮನೆಯ ಓಣಿಯ ಕಡೆ ಬೆರಳು ತೋರಿಸಿದಳು. ‘ಇವತ್ತ ಓಡಿದ್ರ ಸಂಜಿಗೆ ಬರ್ರಿ ಕಾಕಾರ, ಹೋಳಿಗಿ ಮಾಡ್ತೀನಿ.’ ನನಗೆ ಸಕ್ಕರೆ ಕಾಯಿಲೆ ಎಂದು ಅವಳಿಗೆ ಗೊತ್ತು. ಖುಷಿಯಲ್ಲಿದ್ದವರು ಇಂಥವನ್ನೆಲ್ಲ ನೆನಪಿಡುವುದಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಫೋನು ಕಸಿದುಕೊಂಡು, ತಲೆಗೆ ತೆಳ್ಳನೆಯ ಬಿಳಿ ಟೋಪಿ, ಕಾಲಿಗೆ ಬಟ್ಟೆಯ ಚೀಲ ಹಾಕಿಸಿದರು. ಆ ಟೋಪಿ ಹಾಕಿಕೊಂಡರೆ ಯಾವ ಮನುಷ್ಯನ ಘನತೆಯೂ ಉಳಿಯುವುದಿಲ್ಲ. ನಮ್ಮ ಯಜಮಾನರು ಅದರಲ್ಲಿ ಆಗತಾನೆ ಸ್ನಾನ ಮುಗಿಸಿದ ಮುತ್ತೈದೆಯಂತೆ ಕಂಡರು. ಅಲ್ಲಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಹಳೇ ಹೈದರಾಬಾದಿನವನು. ಮಾತಿಗೊಮ್ಮೆ ನಗುವವನು, ಎದುರಿನವನ ಖರ್ಚಿನಲ್ಲಿ. ಮುದ್ರಣಯಂತ್ರದ ಸುತ್ತ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಅವನ್ನು ಹೊತ್ತು ಸಾಗಿಸುವವರು ಗೋಡೆಗೆ ಒರಗಿ, ಚೀಟಿ ಬರಲೆಂದು ಕಾಯುತ್ತಿದ್ದರು.

ಯಜಮಾನರು ಕೈಮುಗಿದರು. ಅವಳು ಪೊಟ್ಟಣವನ್ನು ಕಂಪ್ಯೂಟರಿಗೆ ಇಳಿಸಿ ಓಡಿಸಿದಳು. ಕರಿ ಕಿಟಕಿಯೊಂದು ತೆರೆಯಿತು. ಅದರಲ್ಲಿ ಒಂದೇ ಸಾಲು ಬಂತು: ಮೇನ್ ಕ್ಲಾಸ್ ಸಿಗಲಿಲ್ಲ. ನನ್ನ ಕೈಪಿಡಿಯ ಮೊದಲ ಪುಟದಲ್ಲಿ ‘ಈಗ ನಿಮ್ಮ ಮುಂದೆ ಸುಂದರವಾದ ಹಸಿರು ಪರದೆ ತೆರೆದುಕೊಳ್ಳುತ್ತದೆ’ ಎಂದಿತ್ತು. ಮುಖ್ಯಸ್ಥ ಕೈಪಿಡಿ ನೋಡಿದ, ಪರದೆ ನೋಡಿದ, ನನ್ನನ್ನು ನೋಡಿದ.

‘ಕ್ಯಾ ಮೇಡಂ,’ ಎಂದ, ‘ಮೇನ್ ಕ್ಲಾಸ್ ಘರ್‌ಕೋಚ್ ಛೋಡ್‌ಕೋ ಆಗಯೇ ಕ್ಯಾ?’ ಮನೆಯಲ್ಲೇ ಬಿಟ್ಟುಬಂದಿರಾ ಎಂದು. ಗೋಡೆಗೆ ಒರಗಿದವರು ನಕ್ಕರು. ಮೇನ್ ಕ್ಲಾಸ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಏನನ್ನೋ ಮರೆತು ಬಂದಿದ್ದಾಳೆ ಎಂಬಷ್ಟು ಸಾಕಿತ್ತು.

ಅವಳು ಮತ್ತೆ ಓಡಿಸಿದಳು. ಅದೇ ಸಾಲು.

ಯಜಮಾನರು ನಗುತ್ತಲೇ ಮುಖ್ಯಸ್ಥನ ಹೆಗಲ ಮೇಲೆ ಕೈಯಿಟ್ಟರು. ‘ಹೊಸಬಳು ಸಾರ್. ನಡುವೆ ಗ್ಯಾಪ್ ಬಂದಿದೆ, ಕೈ ತಪ್ಪುತ್ತೆ. ಪಾಪ ಅಂತ ತಗೊಂಡೆ, ನಂದೇ ತಪ್ಪು. ನಾಳೆಯಿಂದ ಬೇರೆಯವರನ್ನ ಹಾಕ್ತೀನಿ, ನೀವು ಯೋಚನೆ ಮಾಡಬೇಡಿ.’ ಅವಳ ಎದುರಿಗೇ ಹೇಳಿದರು. ಹೋಟೆಲಿನಲ್ಲಿ ಪಲ್ಯ ಹಳಸಿದೆ ಎಂದರೆ ಮಾಣಿ ತಟ್ಟೆ ಎತ್ತುತ್ತಾನಲ್ಲ, ಅಷ್ಟೇ ನಯವಾಗಿ. ಆಮೇಲೆ ಇಬ್ಬರೂ ಚಹಾ ಕುಡಿಯಲು ಹೋದರು. ಅವಳ ಕಾಯಂ ನೌಕರಿ ಹೋಗಿ, ಮಿಯಾಪುರದ ಮನೆ ಹೋಗಿ, ಗಂಡನ ಹೈದರಾಬಾದು ಹೋಗಿ, ಅವರ ಚಹಾಕ್ಕೆ ಸಕ್ಕರೆಯೂ ಬಿದ್ದಿರಲಿಲ್ಲ.

ಅವಳು ಅಳಲಿಲ್ಲ. ಅಳುವಷ್ಟು ಪುರುಸೊತ್ತು ಇರಲಿಲ್ಲ. ಮೊದಲು ತನ್ನ ಮೇಲೆಯೇ ಸಂಶಯಪಟ್ಟಳು. ವಿಳಾಸದ ಸಾಲನ್ನು ಅಕ್ಷರ ಅಕ್ಷರ ಓದಿದಳು, ಸರಿ ಇತ್ತು. ಆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿಸುವ ಜಾವಾ ಹಳೆಯದಿರಬಹುದೆಂದು ನೋಡಿದಳು, ನಮ್ಮದೇ ಇತ್ತು. ಕಾಪಿ ಮಾಡುವಾಗ ಅರ್ಧಕ್ಕೆ ನಿಂತಿತೇ ಎಂದು ಮತ್ತೊಮ್ಮೆ ಇಳಿಸಿದಳು. ಅದೇ ಸಾಲು. ಫೋನು ಗೇಟಿನಲ್ಲಿತ್ತು, ಆಫೀಸಿಗೆ ಕೇಳುವ ಹಾಗಿಲ್ಲ.

‘ನಿನ್ನಿ ಓಡಿತ್ತಲ್ರಿ ಕಾಕಾರ? ನೀವೂ ನೋಡೀರಿ.’

‘ನೋಡೀನವಾ. ಎಲ್ಲಾದರಾಗೂ ಓಡಿತ್ತು.’

‘ನಿನ್ನಿಗೂ ಇವತ್ತಿಗೂ ನಡುವ ಇದನ್ನ ಯಾರ್ ಮುಟ್ಟ್ಯಾರ?’

ಇಬ್ಬರೂ ಚಹಾದ ಕೋಣೆಯ ಕಡೆ ನೋಡಿದೆವು.

‘ಅವರು ಗಂಟಿನ ಬಾಜೂಕ ದೇವರನ್ನ ಇಟ್ಟಿರ್ತಾರ, ಗಂಟು ಬಿಚ್ಚಿರಂಗಿಲ್ಲ’ ಎಂದಳು. ತಾನೇ ತನಗೆ ಹೇಳಿಕೊಂಡಂತೆ. ಎಂದು, ಪೊಟ್ಟಣವನ್ನು ತೆರೆದಳು.

ತೆರೆದರೆ ಬಾಗಿಲಲ್ಲೇ ಓಂ.

ಅದೊಂದೇ. ಅದರೊಳಗೆ ಹೋದರೆ ಮನೆದೇವರು, ಮಂದಹಾಸ ಬೀರುತ್ತಾ. ದೇವರ ಪಕ್ಕದಲ್ಲಿ ಅವಳ ಪ್ರೋಗ್ರಾಮಿನ ಅಷ್ಟೂ ತುಂಡುಗಳು, ಒಂದೂ ಬಿಡದಂತೆ, ಮೇನ್ ಕ್ಲಾಸಿನ ಸಮೇತ. ಯಜಮಾನರು ಹಳೆಯ ಪಾಠದ ನೆನಪಿನಿಂದ ಪೊಟ್ಟಣ ಬಿಚ್ಚಿ, ಎಲ್ಲವನ್ನೂ ಓಂಕಾರಕ್ಕೆ ಸುರಿದು, ಓಂಕಾರವನ್ನೇ ಹೊಸ ಪೊಟ್ಟಣವಾಗಿ ಕಟ್ಟಿದ್ದರು. ಮನೆ ಹಾಗೇ ಇತ್ತು. ಅದರ ಸುತ್ತ ಇನ್ನೊಂದು ಮನೆ ಎದ್ದಿತ್ತು. ಕಂಪ್ಯೂಟರ್ ವಿಳಾಸದ ಪ್ರಕಾರ ಕೋಣೆ ಎಣಿಸಿಕೊಂಡು ಬಂದು, ದೇವರ ಬಾಗಿಲಿಗೆ ಹಣೆ ಬಡಿದುಕೊಂಡು ವಾಪಸು ಹೋಗುತ್ತಿತ್ತು.

ಅವಳು ಟೋಪಿಯನ್ನು ಹಣೆಯಿಂದ ಹಿಂದಕ್ಕೆ ಸರಿಸಿ ಪರದೆಯನ್ನೇ ನೋಡಿದಳು. ನಂತರ ಓಂಕಾರದೊಳಗಿನ ತುಂಡುಗಳನ್ನೆಲ್ಲ ಹೊರಗೆಳೆದಳು. ದೇವರ ಚಿತ್ರ ಒಂದೇ ಉಳಿಯಿತು.

‘ಅದನ್ನೂ ಒಂದು ಮೂಲ್ಯಾಗ ಒಳಗ ಹಾಕಿ ಕಟ್ಟಿಬಿಡವಾ’ ಎಂದೆ. ‘ಓಂ ಒಂದ ಬದಿಗೆ ಇರ್ಲಿ. ಅದರ ಪಾಡಿಗೆ ಅದು ಇರ್ತದ, ಯಾರಿಗೂ ತೊಂದ್ರಿ ಇಲ್ಲ.’

‘ತೊಂದ್ರಿ ಇಲ್ಲ ಖರೆ.’

‘ಮತ್ತ?’

‘ಹಾಕಿದ್ರ ಓಡ್ತೈತಿ. ಸ್ವಾಮಿ ಒಳಗ ಇದ್ದದ್ದಕ್ಕ ಓಡ್ತು ಅಂತಾರ. ಮೊದಲ ಓಡದ್ದು ನನ್ನ ಗ್ಯಾಪಿಂದ ಅಂತ ಉಳೀತೈತಿ. ಈಗ ನಿಮ್ಮ ಮುಂದನ ಅಂದು ಹೋಗ್ಯಾರಲ್ರಿ, ನಾಳಿಂದ ಬ್ಯಾರೇದಾರ್ನ ಹಾಕ್ತೀನಿ ಅಂತ. ಆ ಮಾತು ಹ್ಯಾಂಗ ತಿರಗಿ ತಗೋತಾರ ಅವರು, ಕಾರಣ ಕಾಣದ?’

ಲೆಕ್ಕ ಸರಿಯಾಗಿತ್ತು. ದೇವರನ್ನು ಒಳಗಿಟ್ಟರೆ ನೌಕರಿ ಖಂಡಿತ ಹೋಗುತ್ತದೆ. ಹೊರಗಿಟ್ಟು ನಿಜ ಹೇಳಿದರೆ, ಉಳಿದರೂ ಉಳಿಯಬಹುದು. ಯಜಮಾನರು ಒಂದು ಕಾಲದಲ್ಲಿ ಇದೇ ವಿದ್ಯೆಯನ್ನು ಕಲಿಸಿದವರು. ಒಂದು ಬಾರಿ ತೋರಿಸಿದರೆ ತಿಳಿಯದಿರುತ್ತದೆಯೇ? ಅವಳು ನಂಬಿದ್ದು ಅದನ್ನು. ವಿದ್ಯೆ ಬಲ್ಲವನು ವಿದ್ಯೆಗೆ ತಲೆಬಾಗುತ್ತಾನೆ ಎಂದು. ನಾನು ಅಷ್ಟು ವರ್ಷ ಅವರ ಬಳಿ ಕೆಲಸ ಮಾಡಿದವನು, ‘ಬ್ಯಾಡವಾ’ ಎಂದೆ. ಅವಳು ಓಂಕಾರವನ್ನು ಆಚೆಗಿಟ್ಟು ಪೊಟ್ಟಣ ಕಟ್ಟಿ ಓಡಿಸಿದಳು.

ಹಸಿರು ಪರದೆ ತೆರೆದುಕೊಂಡಿತು. ಸುಂದರವಾಗಿಯೇ ಇತ್ತು, ನಾನು ಸುಳ್ಳು ಬರೆದಿರಲಿಲ್ಲ. ಮುದ್ರಣಯಂತ್ರ ಕರಕರ ಎಂದು ಚೀಟಿ ಉಗುಳಿತು. ಗೋಡೆಯವರು ಎದ್ದು ಡ್ರಮ್ಮುಗಳಿಗೆ ಕೈಹಾಕಿದರು.

ಆ ಸದ್ದಿಗೆ ಚಹಾದವರು ಓಡಿಬಂದರು. ಯಜಮಾನರ ಮುಖ ಅರಳಿತು. ‘ಚೂಶಾರಾ ಸಾರ್!’ ಎಂದರು. ‘ನೋಡಿದ್ರಾ! ನಮ್ಮ ಸ್ವಾಮಿ ಒಳಗೆ ಕೂತಿದ್ದಾರೆ. ತಡ ಮಾಡ್ತಾರೆ, ಕೈ ಬಿಡಲ್ಲ.’

‘ಖರಾಬಿ ಕ್ಯಾ ಥೀ?’ ಎಂದು ಮುಖ್ಯಸ್ಥ ಅವಳನ್ನು ಕೇಳಿದ. ಕೆಟ್ಟದ್ದು ಏನಾಗಿತ್ತು ಎಂದು.

ಅವಳು ಹಿಂದಿಯಲ್ಲಿ, ತುಂಬಾ ಮರ್ಯಾದೆಯಿಂದ, ಪರದೆಯ ಮೇಲೆ ತೋರಿಸುತ್ತಲೇ ಹೇಳಿದಳು: ಪೊಟ್ಟಣವನ್ನು ಬಿಚ್ಚಿ ಸ್ವಾಮಿಯ ಫೋಲ್ಡರಿನೊಳಗೆ ಇಟ್ಟಿದ್ದರಿಂದ ಮೇನ್ ಕ್ಲಾಸ್ ಒಂದು ಮನೆ ಒಳಗೆ ಸರಿದಿತ್ತು. ಈಗ ಸ್ವಾಮಿ ಹೊರಗಿದ್ದಾರೆ, ಅದಕ್ಕೇ ಓಡುತ್ತಿದೆ.

ಮುಖ್ಯಸ್ಥ ಬಗ್ಗಿ ಪರದೆಯ ಮೇಲಿನ ಓಂ ನೋಡಿದ. ಆಮೇಲೆ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು, ಡ್ರಮ್ಮಿಗೆ ಕೈಯೂರಿ ನಕ್ಕ. ‘ಅರೇ ಭಾಯಿ, ಸುನೋ ಸುನೋ!’ ಎಂದು ಹಮಾಲರನ್ನೂ ಕರೆದು, ಯಜಮಾನರು ತಮ್ಮ ದೇವರ ಕೈಯಲ್ಲೇ ತಮ್ಮ ಪ್ರೋಗ್ರಾಂ ಮುಚ್ಚಿಸಿದರೆಂದು ಹೇಳಿದ. ‘ನಾವು ಡ್ರಮ್ಮಿನೊಳಗೆ ಪುಡಿ ಹಾಕ್ತೀವಿ, ಇವರು ಡ್ರಮ್ಮನ್ನೇ ಡ್ರಮ್ಮಿನೊಳಗೆ ಹಾಕ್ತಾರೆ!’ ಎಂದ. ಹಮಾಲರು ಈ ಸಲ ಅರ್ಥವಾಗಿಯೇ ನಕ್ಕರು. ಬಿಳಿ ಟೋಪಿಯ ಕೆಳಗೆ ಯಜಮಾನರೂ ನಕ್ಕರು. ಅವರು ನಕ್ಕದ್ದನ್ನು ನೋಡಿದಾಗಲೇ ನನಗೆ ತಿಳಿಯಿತು. ಅವಳಿಗೆ ತಿಳಿಯಲಿಲ್ಲ. ಅವಳೂ ಒಂದಿಷ್ಟು ನಕ್ಕಳು, ಎಲ್ಲರ ಜೊತೆ.

ಮುಖ್ಯಸ್ಥ ಪ್ರೋಗ್ರಾಮನ್ನು ಒಪ್ಪಿಕೊಂಡ. ಷರತ್ತಿನ ಪ್ರಕಾರ ಅವಳು ಪರ್ಮನೆಂಟ್ ಆಗಿದ್ದಳು. ಕಾರ್ಖಾನೆಯ ಗೇಟಿನಿಂದ ರಾಮಚಂದ್ರಾಪುರದವರೆಗೆ ಆಗಿದ್ದಳು.

ಅಲ್ಲಿ ಸಿಗ್ನಲ್ಲಿಗೆ ಕಾರು ನಿಂತಾಗ, ಮುಂದಿನ ಸೀಟಿನಿಂದ ತಿರುಗದೆಯೇ ಯಜಮಾನರು ಹೇಳಿದರು, ‘ಅಮ್ಮಾ, ನೀನು ಸೋಮವಾರದಿಂದ ಬರಬೇಡ.’

‘ಸರ್, ಓಡಿತಲ್ಲ?’

‘ಓಡಿತು. ಅದು ನನಗೂ ಕಾಣಿಸ್ತು. ಆದರೆ ಸ್ವಾಮಿಯನ್ನ ಎತ್ತಿ ಹೊರಗಿಟ್ಟ ಕೈಯನ್ನ ನಾನು ಆಫೀಸಿನಲ್ಲಿ ಹೇಗೆ ಇಟ್ಟುಕೊಳ್ಳಲಿ, ನೀನೇ ಹೇಳು.’

‘ಸಾರ್,’ ಎಂದೆ ನಾನು, ‘ಆಕೆ ಹೇಳಿದ್ದು ನಿಜ. ನಾನು ಕಣ್ಣಾರೆ ನೋಡಿದ್ದೇನೆ. ನೀವು ಪೊಟ್ಟಣ ಬಿಚ್ಚದಿದ್ದರೆ ಏನೂ ಆಗುತ್ತಿರಲಿಲ್ಲ.’

‘ಪಂತುಲುಗಾರು,’ ಎಂದರು ಅವರು, ಬಹಳ ಮೃದುವಾಗಿ, ‘ನೀವು ಹಿರಿಯರು. ದೇವರ ವಿಷಯಕ್ಕೆ ಬರಬೇಡಿ.’

‘ದೇವರ ವಿಷಯ ಅಲ್ಲ ಸಾರ್, ಫೋಲ್ಡರ್ ವಿಷಯ.’

‘ನೀವೂ ಸೋಮವಾರದಿಂದ ವಿಶ್ರಾಂತಿ ತಗೋಬಹುದು’ ಎಂದರು. ಸಿಗ್ನಲ್ಲು ಹಸಿರಾಯಿತು. ಕಾರು ಚಂದಾನಗರ ದಾಟಿತು. ಆಮೇಲೆ ಅವರೇ, ‘ನಿಮಗೆ ಸುಮ್ಮನೆ ಅಂದೆ’ ಎಂದರು. ನನಗೆ ಮಾತ್ರ.

ಮಿಯಾಪುರದ ಮೆಟ್ರೋ ಹತ್ತಿರ ಅವಳು ಇಳಿಸಲು ಹೇಳಿದಳು. ಇಳಿದವಳು ನನ್ನ ಕಿಟಕಿಯ ಬಳಿ ಬಗ್ಗಿ, ಆ ರೇಷ್ಮೆ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. ಯಜಮಾನರಿಗೆ ಕನ್ನಡ ಬಾರದು. ಅವಳು ಕನ್ನಡದಲ್ಲೇ ಹೇಳಿದಳು.

‘ಕಾಕಾರ, ಮುಂದ ಅವರಿಗೆ ಪೂಜಾಕ್ಕ ಅಂತ ಬ್ಯಾರೆ ಒಂದು ಗಂಟು ಕೊಡ್ರಿ. ಬೇಕಾದಂಗ ಬಿಚ್ಚಿ ಕಟ್ಲಿ. ಓಡೂದನ್ನ ನೀವು ಕಿಸೇದಾಗ ಇಟ್ಕೊಂಡು ಒಯ್ರಿ. ಇಲ್ಲಂದ್ರ ನನ್ನ ಹಿಂದ ಬಂದಾಕಿನೂ ಹಿಂಗ ಇಳೀತಾಳ.’

ಕಾರು ಹೊರಟಿತು. ‘ಏಮಂದಿ?’ ಎಂದರು ಯಜಮಾನರು. ಏನಂದಳು ಎಂದು.

‘ಹುಷಾರಾಗಿ ಹೋಗಿ ಅಂದಳು ಸಾರ್.’

‘ಒಳ್ಳೆಯ ಹುಡುಗಿ’ ಎಂದರು. ನಿಜವಾಗಿಯೂ ಹಾಗೆಂದರು.

ಮಗಳ ಶಾಲೆಯ ವರ್ಷ ಮುಗಿಯುವವರೆಗೂ ಗಂಡ ಕಾಯಲಿಲ್ಲ. ಟೆಂಪೋ ತಂದು ಮನೆ ಖಾಲಿ ಮಾಡಿಸಿದ. ಕೆಲವು ತಿಂಗಳ ಮೇಲೆ ಅವಳೊಮ್ಮೆ ಫೋನು ಮಾಡಿದಳು. ಹಿಂದೆ ಯಾರೋ ಅರ್ಧ ಕಿಲೋ ತೊಗರಿಬೇಳೆ ಕೇಳುತ್ತಿದ್ದರು.

‘ಹ್ಯಾಂಗ ಅದೀಯವಾ?’

‘ಆರಾಮ ಅದೀನ್ರಿ. ಇಲ್ಲಿ ಮೇನ್ ಕ್ಲಾಸ್ ನಮ್ಮತ್ತಿ. ಹುಡುಕೂದ ಬ್ಯಾಡ, ಯಾವಾಗ್ಲೂ ಬಾಗಲದಾಗ ಕುಂತಿರ್ತಾಳ.’ ಬೇಳೆ ತೂಗುವ ಸದ್ದು ಕೇಳಿಸಿತು. ‘ನೀವು ಹೇಳ್ರಿ, ಓಡಾಕತ್ತೈತೇನು?’

‘ಓಡಾಕತ್ತೈತವಾ. ಎಲ್ಲಾ ಕಡೆ.’

‘ಮತ್ತೇನ್ರಿ’ ಎಂದಳು, ಫೋನಿಟ್ಟಳು.

ಓಡುತ್ತಲೇ ಇದೆ. ನಾನು ಅವಳು ಹೇಳಿದಂತೆಯೇ ಮಾಡುತ್ತೇನೆ. ಪ್ರತಿ ಮುಹೂರ್ತಕ್ಕೂ ಯಜಮಾನರ ಕೈಗೆ ಒಂದು ಪೊಟ್ಟಣ, ನನ್ನ ಕಿಸೆಯಲ್ಲಿ ಇನ್ನೊಂದು. ಗಿರಾಕಿಯ ಹತ್ತಿರ ಓಡುವುದು ಕಿಸೆಯದು. ಅವಳ ಜಾಗಕ್ಕೆ ಬಂದಾಕೆ ಪರ್ಮನೆಂಟ್ ಆಗಿದ್ದಾಳೆ, ರಾಯಚೂರಿನವಳ ಹೆಸರನ್ನೂ ಕೇಳಿಲ್ಲ. ಯಜಮಾನರು ಪ್ರತಿ ಮೀಟಿಂಗಿನಲ್ಲೂ ಒಂದು ಮಾತು ಹೇಳುತ್ತಾರೆ: ‘ಆ ಗ್ಯಾಪ್ ಮೇಡಂ ಹೋದ ಮೇಲೆ ನೋಡಿ, ಒಂದು ಪ್ರೋಗ್ರಾಮೂ ನಿಂತಿಲ್ಲ.’ ಎಲ್ಲರೂ ತಲೆಯಾಡಿಸುತ್ತಾರೆ. ಮಾತು ಸುಳ್ಳಲ್ಲ.

ಪೂಜೆಯಾದ ಪ್ರತಿಗಳೆಲ್ಲ ಅವರ ಕಂಪ್ಯೂಟರಿನಲ್ಲಿವೆ, ಸಾಲಾಗಿ, ಓಂಕಾರದ ಒಳಗೆ. ಅವುಗಳಲ್ಲಿ ಒಂದರಲ್ಲೂ ಮೇನ್ ಕ್ಲಾಸ್ ಸಿಗುವುದಿಲ್ಲ. ಇದುವರೆಗೆ ಯಾರೂ ಓಡಿಸಿ ನೋಡಿಲ್ಲ.